ಅವ್ವನ ಮುಖ ನೋಡುವ ಮಗಳು

ಚಿಕ್ಕೇರೂರಿನ ಶಾರವ್ವನಿಗೆ ದೀಕ್ಷಾಸ್ನಾನದ ಹೊತ್ತಿಗೆ ಸಾರಾ ಎಂದು ಹೆಸರಿಟ್ಟಿದ್ದರು. ಆ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಊರಿಗೆ ದೊಡ್ಡ ಜ್ವರ ಬಂದ ವರ್ಷ ಅವಳ ಅಪ್ಪ ಅವ್ವ ಇಬ್ಬರೂ ತೀರಿಕೊಂಡರು. ಏಳು ವರ್ಷದ ಹುಡುಗಿಯನ್ನು ಕ್ರೈಸ್ತ ಸಭೆಯ ಹಿರಿಯರೊಬ್ಬರು ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋಗಿ ಮಿಶನ್ನಿನ ಹೆಣ್ಣುಮಕ್ಕಳ ಬೋರ್ಡಿಂಗಿಗೆ ಬಿಟ್ಟು ಬಂದರು. ಅಲ್ಲಿ ಎಲ್ಲವೂ ಗಂಟೆಯ ಪ್ರಕಾರ ನಡೆಯುತ್ತಿತ್ತು. ಏಳುವುದಕ್ಕೆ ಗಂಟೆ, ಊಟಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ. ತಪ್ಪು ಮಾಡಿದವಳಿಗೆ ಏನು ಶಿಕ್ಷೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರುತ್ತಿತ್ತು. ಬೋರ್ಡಿಂಗಿನ ಮೇಲ್ವಿಚಾರಕಿ ಮೇಟ್ರನ್‌ಬಾಯಿ ಸಿಟ್ಟಿನಿಂದ ಯಾರನ್ನೂ ಹೊಡೆದವಳಲ್ಲ. ಆದರೆ ನಕ್ಕವಳೂ ಅಲ್ಲ. ಅಲ್ಲಿದ್ದ ಅಷ್ಟೂ ವರ್ಷ ಶಾರವ್ವನ ತಲೆಯನ್ನು ಒಬ್ಬರೂ ಪ್ರೀತಿಯಿಂದ ಮುಟ್ಟಿರಲಿಲ್ಲ. ‘ನನ್ನ ಮನಿಯಾಗ ಗಂಟಿ ಇರಂಗಿಲ್ಲ, ನಗಿ ಇರ್ತೈತಿ’ ಎಂದು ಅವಳು ಆಗಲೇ ಮನಸ್ಸಿನಲ್ಲಿ ಅಂದುಕೊಂಡಿದ್ದಳು.

ಇಪ್ಪತ್ತರ ವಯಸ್ಸಿಗೆ ಗಿರಿಯಪ್ಪನೊಂದಿಗೆ ಮದುವೆಯಾಯಿತು. ಅವನು ಮಿಶನ್ನಿನ ಉಪದೇಶಿ. ಮೃದು ಸ್ವಭಾವದ, ಉದ್ದ ಕಾಲಿನ ಮನುಷ್ಯ. ಸೋಮವಾರ ಚೀಲ ಹೆಗಲಿಗೆ ಹಾಕಿಕೊಂಡು ಶಿಗ್ಗಾಂವಿ, ದುಂಡಸಿ ಕಡೆಯ ಹಳ್ಳಿಗಳಿಗೆ ನಡೆದು ಹೊರಟನೆಂದರೆ ತಿರುಗಿ ಬರುವುದು ಶನಿವಾರ. ಮನೆ ಸವಣೂರಿನಲ್ಲಿ, ಹಳೇ ಕೋಟೆಗೋಡೆಯ ಆಚೆ. ಒಂದು ಬದಿಗೆ ಶೇಖಸಾಬ ಕಡಲೆಹಿಟ್ಟಿನ ಖಾರ ಕರಿದು ಮಾರುವ ಭಟ್ಟಿ, ಹಿಂದುಗಡೆ ವೀಳ್ಯದ ಎಲೆಬಳ್ಳಿಯ ತೋಟ. ಆ ಮನೆಯಲ್ಲೇ ಮಗಳು ದೀನಾ ಹುಟ್ಟಿದಳು, ಮೂರು ವರ್ಷದ ನಂತರ ಮಗ ಯೋನಪ್ಪ ಹುಟ್ಟಿದ.

ಶಾರವ್ವನ ಮನೆಯಲ್ಲಿ ನಗು ಇತ್ತು, ಸುಳ್ಳಲ್ಲ. ಅವಳು ಮಕ್ಕಳ ಜೊತೆ ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಿದ್ದಳು, ಹಾಡು ಕಟ್ಟಿ ಹಾಡುತ್ತಿದ್ದಳು, ರೊಟ್ಟಿಹಿಟ್ಟಿನಲ್ಲಿ ಗುಬ್ಬಿ ಮಾಡಿ ಕೊಡುತ್ತಿದ್ದಳು. ಆದರೆ ವಾರವಿಡೀ ಒಬ್ಬಳೇ ಮನೆ ತೂಗಿಸುವ ಹೆಂಗಸು. ತಲೆನೋವು ಬಂದ ದಿನ, ನೀರಿನ ಸರದಿ ತಪ್ಪಿದ ದಿನ ಆ ನಗು ಎಲ್ಲಿ ಹೋಯಿತೋ ತಿಳಿಯುತ್ತಿರಲಿಲ್ಲ. ನಿನ್ನೆ ಮುದ್ದಾಗಿ ಕಂಡಿದ್ದ ಚೇಷ್ಟೆಗೆ ಇವತ್ತು ಹುಣಸೆಯ ಬರಲು, ಆ ತೆಳ್ಳನೆಯ ಕೋಲು, ಕೈಗೆ ಬರುತ್ತಿತ್ತು. ಹೊಡೆದ ಮೇಲೆ ತಾನೇ ಅತ್ತು, ಮಕ್ಕಳನ್ನು ಅಪ್ಪಿಕೊಂಡು ಕೇಳಿದ್ದನ್ನೆಲ್ಲ ಕೊಡುತ್ತಿದ್ದಳು. ಇನ್ನು ಗಿರಿಯಪ್ಪ ಶನಿವಾರ ಬಂದವನೇ, ಅವ್ವ ಶಿಕ್ಷೆ ಕೊಟ್ಟಿದ್ದಾಳೆಂದು ತಿಳಿದರೆ, ಕಣ್ಣು ಮಿಟುಕಿಸಿ ಮಗಳ ಅಂಗೈಯಲ್ಲಿ ಬೆಲ್ಲದ ಹರಳು ಇಡುತ್ತಿದ್ದ.

ಶೇಖಸಾಬನ ಹೆಂಡತಿ ಚಮನಬಿಗೆ ಮಕ್ಕಳಿರಲಿಲ್ಲ. ದೀನಾ ಭಟ್ಟಿಯ ಬಳಿ ಹೋಗಿ, ಯಾರನ್ನೂ ಕೇಳದೆ, ಬುಟ್ಟಿಯಿಂದ ಬಿಸಿ ಖಾರ ಹಿಡಿ ತುಂಬಿಕೊಂಡು ಓಡಿ ಬರುತ್ತಿದ್ದಳು. ಶಾರವ್ವ ಬಾಗಿಲಲ್ಲಿ ನಿಂತು ನಗುತ್ತಿದ್ದಳು. “ನೋಡ್ರಿ ಚಮನಬಿ ಅಕ್ಕಾರ, ನಿಮ್ಮ ಕಳ್ಳಿ ಬಂದ್ಲು” ಎನ್ನುತ್ತಿದ್ದಳು. ಚಮನಬಿಯೂ ನಗುತ್ತಿದ್ದಳು.

ಒಂದು ದಿನ ಮಿಸ್ಸಮ್ಮ ಬಂದರು. ಅವರು ತಿಂಗಳಿಗೊಮ್ಮೆ ಊರೂರು ತಿರುಗಿ ತಾಯಂದಿರ ಕೂಟ ನಡೆಸುವ ಮಿಶನ್ನಿನ ಬಿಳಿ ಹೆಂಗಸು. ಅಂದಿನ ಕೂಟ ಶಾರವ್ವನ ಮನೆಯಲ್ಲಿ. ಮಕ್ಕಳನ್ನು ದೇವರ ಭಯದಲ್ಲಿ ಬೆಳೆಸುವುದು ಹೇಗೆಂದು ಬೋರ್ಡಿಂಗಿನಲ್ಲಿ ಕಲಿತ ಶಾರವ್ವನೇ ಮಾತಾಡಲಿ ಎಂದರು. ಅವಳು ಚೆನ್ನಾಗಿಯೇ ಮಾತಾಡಿದಳು. ಮುಗಿಸಿ ಕುಳಿತುಕೊಳ್ಳುತ್ತಿದ್ದಂತೆ ದೀನಾ ಎರಡೂ ಮುಷ್ಟಿಯಲ್ಲಿ ಖಾರ ತುಂಬಿಕೊಂಡು ಒಳಗೆ ಓಡಿಬಂದಳು.

“ಎಲ್ಲಿಂದ ತಂದಿ?” ಎಂದು ಮಿಸ್ಸಮ್ಮ ಕೇಳಿದರು.

“ಚಮನಬಿ ಅಜ್ಜಿ ಬುಟ್ಟ್ಯಾಗಿಂದ. ಆಕಿ ನೋಡ್ಲಿಲ್ಲ!”

ಕೂಡಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾರವ್ವನ ಮುಖಕ್ಕೆ ರಕ್ತ ಏರಿತು. ಎದ್ದು ಹೋಗಿ ಹುಣಸೆಯ ಬರಲು ತಂದು, ಎಲ್ಲರೆದುರು ಮಗಳ ಕಾಲಿಗೆ ಬಾರಿಸಿದಳು. ಖಾರ ನೆಲದ ತುಂಬ ಚೆಲ್ಲಿತು. ದೀನಾ ಮೊದಲು ಅಳಲಿಲ್ಲ, ಅವಳಿಗೆ ಅಷ್ಟು ಆಶ್ಚರ್ಯವಾಗಿತ್ತು.

“ಮೊನ್ನಿ ನಕ್ಕಿದ್ದಿಯಲ್ಲವ್ವ?” ಎಂದಳು. “ಇವತ್ತ್ಯಾಕ ಹೊಡೀತಿ?”

ಮಿಸ್ಸಮ್ಮ ತಲೆ ತಗ್ಗಿಸಿ ಪ್ರಾರ್ಥನೆ ಶುರು ಮಾಡಿದರು. ಶಾರವ್ವ ಕಣ್ಣು ಮುಚ್ಚಿಕೊಂಡಿದ್ದಳು, ಆದರೆ ಪ್ರಾರ್ಥನೆಯ ಒಂದು ಮಾತೂ ಅವಳ ಕಿವಿಗೆ ಬೀಳಲಿಲ್ಲ. ಮಗಳ ಪ್ರಶ್ನೆ ಸರಿಯಾಗಿತ್ತು. ತಾನು ಹೊಡೆದದ್ದು ಕಳವಿಗಲ್ಲ, ತನ್ನ ಮರ್ಯಾದೆ ಹೋಯಿತೆಂದು. ಅದು ಅವಳಿಗೆ ಆಗಲೇ ತಿಳಿಯಿತು. ತಿಳಿದರೂ ಮಗಳಿಗೆ ಹೇಳಲಿಲ್ಲ. ನಾಳೆಯಿಂದ ಸರಿಯಾಗಿ ಇರೋಣ ಎಂದುಕೊಂಡಳು, ಮೂರು ದಿನ ಇದ್ದಳು, ಮತ್ತೆ ಮೊದಲಿನಂತಾಯಿತು.

ಆದರೆ ದೀನಾ ಮೊದಲಿನಂತೆ ಇರಲಿಲ್ಲ. ಏನಾದರೂ ಕೇಳುವ ಮುಂಚೆ, ಏನಾದರೂ ಹೇಳುವ ಮುಂಚೆ, ಬಾಗಿಲ ಚೌಕಟ್ಟು ಹಿಡಿದು ನಿಂತು ಅವ್ವನ ಮುಖ ನೋಡುತ್ತಿದ್ದಳು. ಮುಖ ತಿಳಿಯಾಗಿದ್ದರೆ ಒಳಗೆ ಬರುತ್ತಿದ್ದಳು. ಇಲ್ಲದಿದ್ದರೆ ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಿದ್ದಳು. ನೆರೆಯವರು “ಎಷ್ಟು ಶ್ಯಾಣ್ಯಾ ಹುಡುಗಿ, ಗದ್ದಲನ ಇಲ್ಲ” ಎಂದು ಹೊಗಳಿದರು. ಶಾರವ್ವ ಆ ಹೊಗಳಿಕೆಯನ್ನು ತನ್ನದೆಂದೇ ತೆಗೆದುಕೊಂಡಳು.

ಯೋನಪ್ಪನಿಗೆ ನಾಲ್ಕು ತುಂಬಿದ ವರ್ಷ, ಬೇಸಿಗೆಯ ಒಂದು ದಿನ. ಬೆಳಿಗ್ಗೆಯಿಂದಲೇ ಶಾರವ್ವನ ತಲೆ ಸಿಡಿಯುತ್ತಿತ್ತು. ಹಾಲು ಒಲೆಯ ಮೇಲೆ ಉಕ್ಕಿ ಚೆಲ್ಲಿತೆಂದು ದೀನಾಳಿಗೆ ಎರಡು ಏಟು ಬಿದ್ದಿದ್ದವು. ಹಾಲು ನೋಡಿಕೊಳ್ಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಯೋನಪ್ಪ ಏನೋ ರಗಳೆ ತೆಗೆದ. ಶಾರವ್ವ ಒದ್ದೆ ಬಟ್ಟೆ ಹಣೆಗೆ ಕಟ್ಟಿಕೊಂಡು ಚಾಪೆಯ ಮೇಲೆ ಎದ್ದು ಕುಳಿತು ಕೂಗಿದಳು:

“ಇಬ್ರೂ ಹೊರಗ ಹೋಗ್ರಿ. ಇನ್ನೊಂದ ಸಲ ಅಳಕೋತ ನನ್ನ ಮುಂದ ಬಂದ್ರ ಚರ್ಮಾ ಸುಲದ ಬಿಡ್ತೇನಿ.”

ದೀನಾ ತಮ್ಮನ ಕೈ ಹಿಡಿದುಕೊಂಡು ಚಮನಬಿಯ ಹಿತ್ತಿಲಿಗೆ ಹೋದಳು. ಅಲ್ಲಿ ಕಟ್ಟೆಯ ಮೇಲೆ ಚಮನಬಿಯ ಎಲೆಅಡಿಕೆ ಬುಟ್ಟಿ ಇತ್ತು. ಯೋನಪ್ಪ ಸುಣ್ಣದ ಡಬ್ಬಿ ತೆಗೆದು, ಮುಚ್ಚಳ ಬಿಗಿಯಾಗಿದೆಯೆಂದು ಕಟ್ಟೆಗೆ ಕುಕ್ಕಿದ. ಮುಚ್ಚಳ ಹಾರಿ ನೀರುಸುಣ್ಣ ಅವನ ಎಡಗಣ್ಣಿಗೆ ಚಿಮ್ಮಿತು.

ಅವನು ಕಿರುಚುವ ಮೊದಲೇ ದೀನಾ ಅವನ ಬಾಯಿ ಮುಚ್ಚಿದಳು. ತಮ್ಮನನ್ನು ಎಳೆದುಕೊಂಡು ಎಲೆತೋಟದ ಬೇಲಿಯ ನೆರಳಿಗೆ ಹೋಗಿ, ಲಂಗದ ಚುಂಗಿನಿಂದ ಕಣ್ಣು ತಿಕ್ಕಿ ತಿಕ್ಕಿ ಒರೆಸಿದಳು. “ಅಳಬ್ಯಾಡ, ಅಳಬ್ಯಾಡ, ಅವ್ವಗ ಕೇಳಸ್ತೈತಿ” ಎಂದು ಅವನನ್ನು ಎದೆಗೆ ಒತ್ತಿಕೊಂಡು ಕುಳಿತಳು. ನಡುವೆ ಒಮ್ಮೆ ಮನೆಯ ಕಡೆ ಹೋಗಿ ಬಂದದ್ದು ಬಿಟ್ಟರೆ, ಬಿಸಿಲು ಇಳಿಯುವವರೆಗೂ ಹಾಗೆಯೇ ಕುಳಿತಿದ್ದಳು. ನಮಾಜಿಗೆಂದು ಕೈಕಾಲು ತೊಳೆಯಲು ಬಂದ ಚಮನಬಿಗೆ ನರಳಿಕೆ ಕೇಳಿಸಿತು. ಅವಳು ಬಂದು ನೋಡುವ ಹೊತ್ತಿಗೆ ಹುಡುಗನ ಕಣ್ಣು ಊದಿ ಮುಚ್ಚಿಹೋಗಿತ್ತು. “ಯಾ ಅಲ್ಲಾ! ಶಾರವ್ವಾ, ಓಡಿ ಬಾ!” ಎಂದು ಕೂಗುತ್ತಲೇ ಅವನನ್ನು ನೀರು ತುಂಬಿದ ಹೌದಿನ ಬಳಿ ಮಲಗಿಸಿ, ಕೊಡದ ಮೇಲೆ ಕೊಡ ನೀರು ಹಾಕಿ ಕಣ್ಣು ತೊಳೆದಳು.

ಶೇಖಸಾಬ ಟಾಂಗಾ ತಂದ. ಯಲವಿಗಿ ಸ್ಟೇಶನ್ನಿಗೆ ಹೋಗಿ ರೈಲು ಹತ್ತಿ, ಮರುದಿನ ದೊಡ್ಡ ದವಾಖಾನೆ ಮುಟ್ಟಿದರು. ಡಾಕ್ಟರು ದೀಪ ಹಿಡಿದು ನೋಡಿದರು. ಆ ಕ್ಷಣವೇ ನೀರು ಹಾಕಿ ತೊಳೆದಿದ್ದರೆ ಉಳಿಯುತ್ತಿತ್ತೇನೋ, ಈಗ ಎಡಗಣ್ಣಿನ ಆಸೆ ಬಿಡಬೇಕು ಎಂದರು.

ಸುದ್ದಿ ತಿಳಿದು ದುಂಡಸಿಯಿಂದ ಬಂದಿದ್ದ ಗಿರಿಯಪ್ಪ ಮಗನ ಪಕ್ಕದಲ್ಲಿ ಕುಳಿತ. ಶಾರವ್ವ ಮಗಳನ್ನು ದವಾಖಾನೆಯ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದಳು.

“ಮನಿ ಇಷ್ಟ ಸಮೀಪ ಇತ್ತು. ಯಾಕ ಬಂದು ಹೇಳ್ಲಿಲ್ಲ ದೀನಾ?”

ದೀನಾ ನೆಲ ನೋಡುತ್ತ ಹೇಳಿದಳು: “ಬಂದಿದ್ದೆ. ಒಮ್ಮೆ ಕಿಡಿಕ್ಯಾಗಿಂದ ನಿನ್ನ ಮಕ ನೋಡಿ ಹೋದೆ. ಅವತ್ತ ಹೊಡಿಯೋ ದಿನಾ ಇತ್ತವ್ವ.”

ಶಾರವ್ವ ಮರಕ್ಕೆ ಒರಗಿಕೊಂಡಳು. ಮಗಳ ಲೆಕ್ಕದಲ್ಲಿ ದಿನಗಳು ಎರಡು ಜಾತಿ. ನಗುವ ದಿನ, ಹೊಡೆಯುವ ದಿನ. ಏನು ಮಾಡಿದರೆ ತಪ್ಪು, ಏನು ಮಾಡಿದರೆ ಸರಿ ಎಂಬುದು ಆ ಲೆಕ್ಕದಲ್ಲಿ ಇರಲೇ ಇಲ್ಲ. ಅದನ್ನು ಅವಳು ಕಲಿಸಿರಲೂ ಇಲ್ಲ.

ಆ ಹೊತ್ತಿಗೆ ಏನಾದರೂ ಹೇಳಬೇಕಾಗಿತ್ತು. ಶಾರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟಳು. ಏಳು ವರ್ಷದ ಹುಡುಗಿ ಮರದ ಕೆಳಗೆ ಒಬ್ಬಳೇ ನಿಂತಳು.

ಮನೆಗೆ ಬಂದ ಮೇಲೆ ಶಾರವ್ವ ಬರಲನ್ನು ಮುಟ್ಟಲಿಲ್ಲ. ತಪ್ಪಿನ ಭಾರ ಅವಳನ್ನು ಇನ್ನೊಂದು ದಿಕ್ಕಿಗೆ ತಳ್ಳಿತು. ಯೋನಪ್ಪ ಕೇಳಿದ್ದು ಬರಬೇಕು, ಅವನು ಒಗೆದದ್ದನ್ನು ಬೇರೆಯವರು ಎತ್ತಬೇಕು. ಅವನು ಅಕ್ಕನ ಜಡೆ ಹಿಡಿದು ಎಳೆದರೆ ಶಾರವ್ವ ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು. ಆ ಮುಚ್ಚಿದ ಕಣ್ಣು ಕಂಡರೆ ಅವಳ ನಾಲಗೆ ಏಳುತ್ತಿರಲಿಲ್ಲ. ಆರು ವರ್ಷಕ್ಕೆ ಅವನು ಮನೆಯ ಸಣ್ಣ ನವಾಬನಾಗಿದ್ದ. ದೀನಾ ಅವನ ಹಿಂದೆ ನೆರಳಿನಂತೆ ತಿರುಗುತ್ತ, ಬಿದ್ದದ್ದನ್ನು ಎತ್ತುತ್ತ, ಬೈಗುಳ ನುಂಗುತ್ತ ಇದ್ದಳು.

ಚಮನಬಿ ಒಮ್ಮೆ ಬಾಯಿಬಿಟ್ಟು ಹೇಳಿದಳು. ತನ್ನ ಡಬ್ಬಿಯಿಂದ ಹೀಗಾಯಿತೆಂದು ಅವಳು ಅಂದಿನಿಂದ ಎಲೆ ತಿನ್ನುವುದನ್ನೇ ಬಿಟ್ಟಿದ್ದಳು.

“ಶಾರವ್ವಾ, ಕಣ್ಣಂತೂ ಹೋತು. ಈಗ ಹುಡುಗನ್ನೂ ಕಳಕೊಳ್ಳಾಕತ್ತಿಯಲ್ಲ.”

“ನನ್ನ ಕೈಲೆ ಆಗಂಗಿಲ್ಲ ಅಕ್ಕಾರ. ಅಂವನ್ನ ಬೈಯಾಕ ನಂಗೇನ ಹಕ್ಕೈತಿ?” ಎಂದಳು ಶಾರವ್ವ.

ಊರಿನ ದೊಡ್ಡ ಒಕ್ಕಲುತನದ ಮನೆಯ ವೀರವ್ವ ಮಗಳ ಬಾಣಂತನಕ್ಕೆಂದು ಶಾರವ್ವನಿಂದ ಹೊದೆಯುವ ಕೌದಿ ಹೊಲಿಸುತ್ತಿದ್ದಳು. ತಿಂಗಳುಗಟ್ಟಲೆಯ ಕೆಲಸ ಮುಗಿದು, ಕೌದಿ ಮಡಿಸಿ ಇಟ್ಟಾಗಿತ್ತು. ಶಾರವ್ವ ನೀರು ತರಲು ಹೋಗಿ ಬರುವುದರಲ್ಲಿ ಅದರ ಮೇಲೆ ಗಿರಿಯಪ್ಪನ ಮಸಿದೌತಿ ಬೋರಲು ಬಿದ್ದಿತ್ತು. ಮಕ್ಕಳಿಬ್ಬರೂ ಗೋಡೆಗೆ ಅಂಟಿಕೊಂಡು ನಿಂತಿದ್ದರು.

“ಯಾರು ಮಾಡಿದ್ದು?”

“ನಾನವ್ವ” ಎಂದು ದೀನಾ ಅಂಗೈ ಮುಂದೆ ಚಾಚಿದಳು. ಅಂಗೈ ತುಂಬ ಮಸಿ, ಇನ್ನೂ ಹಸಿಯಾಗಿತ್ತು, ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಶಾರವ್ವ ಯೋನಪ್ಪನ ಕೈ ಹಿಡಿದು ಬಿಡಿಸಿ ನೋಡಿದಳು. ಅಲ್ಲೂ ಮಸಿ ಇತ್ತು, ಒಣಗಿ ಕಪ್ಪಗೆ ಹಿಡಿದಿತ್ತು. ಅವ್ವನ ಹೆಜ್ಜೆಯ ಸಪ್ಪಳ ಕೇಳಿದ ಮೇಲೆ ಮಗಳು ತನ್ನ ಕೈಯನ್ನು ಮಸಿಯಲ್ಲಿ ಅದ್ದಿದ್ದಾಳೆ. ಶಾರವ್ವ ಕೊಡವನ್ನು ಕೆಳಗಿಟ್ಟಳು.

“ಸುಳ್ಳ ಯಾಕ ಹೇಳಿದಿ?”

“ಅಂವಗ ನೀ ಏನೂ ಮಾಡಂಗಿಲ್ಲ. ಯಾರರ ಹೊಡತಾ ತಿನಬೇಕಲ್ಲ.” ದೀನಾ ಮೆಲ್ಲಗೆ ಸೇರಿಸಿದಳು: “ಅಂವನ ಕಣ್ಣು ನಾನ ಕಳದೇನಿ.”

ಎರಡು ವರ್ಷ. ಬೇವಿನ ಮರದ ಕೆಳಗೆ ತಾನು ಬಿಟ್ಟುಹೋದ ಭಾರವನ್ನು ಈ ಹುಡುಗಿ ಎರಡು ವರ್ಷ ಹೊತ್ತುಕೊಂಡು ತಿರುಗಿದ್ದಾಳೆ. ಶಾರವ್ವ ನೆಲದ ಮೇಲೆ ಕುಳಿತು, ಮಗಳ ಮಸಿಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನೀ ಕಳದಿಲ್ಲ ದೀನಾ. ನಾ ಕಳದೇನಿ. ನನ್ನ ಹಂತ್ಯಾಕ ಬರಾಕ ನಿಂಗ ಅಂಜಿಕಿ ಬರೋಹಂಗ ಮಾಡಿದಾಕಿ ನಾನು. ಖಾರ ತಂದಿದ್ದಕ್ಕ ನಕ್ಕಾಕಿನೂ ನಾನ, ಹೊಡದಾಕಿನೂ ನಾನ. ಆ ಮರದ ಕೆಳಗ ಇದನ್ನ ಹೇಳಬೇಕಾಗಿತ್ತು, ಹೇಳ್ಲಿಲ್ಲ. ನನ್ನ ತಪ್ಪಾತು. ಕ್ಷಮಾ ಮಾಡ್ತಿಯೇನವಾ?”

ಹೆತ್ತವರು ಮಕ್ಕಳ ಹತ್ತಿರ ಕ್ಷಮೆ ಕೇಳುವುದನ್ನು ದೀನಾ ಎಲ್ಲೂ ಕಂಡಿರಲಿಲ್ಲ. ಅವಳು ಎಂದಿನ ಅಭ್ಯಾಸದಂತೆ ಅವ್ವನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಇದು ಯಾವ ದಿನ ಎಂದು ಅವಳಿಗೆ ತಿಳಿಯಲಿಲ್ಲ.

ಶಾರವ್ವ ಎದ್ದು ಮಗನ ಕಡೆ ತಿರುಗಿದಳು. “ಯೋನಪ್ಪ, ಕೌದಿ ಕೆಡಿಸಿದಾಂವ ನೀನು. ಹಳ್ಳಕ್ಕ ಒಯ್ದು ನನ್ನ ಜೋಡಿ ಒಗಿತಿ. ಆಮ್ಯಾಲೆ ವೀರವ್ವಾರ ಮನಿಗೆ ಬಂದು ನಿನ್ನ ಬಾಯಿಲೆ ಹೇಳ್ತಿ.”

“ನಾ ಒಲ್ಲೆ! ನಂಗ ಒಂದ ಕಣ್ಣೈತಿ!” ಎಂದು ಯೋನಪ್ಪ ನೆಲಕ್ಕೆ ಬಿದ್ದು ಹೊರಳಾಡಿದ. ಬಿಡು ಕೂಸೇ ಎನ್ನಲು ಶಾರವ್ವನ ತುಟಿಯವರೆಗೆ ಮಾತು ಬಂದಿತ್ತು. ಅವಳು ಹೊಡೆಯಲಿಲ್ಲ, ಕೂಗಲಿಲ್ಲ, ಸುಮ್ಮನೆ ಕೌದಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಅವನು ಎದ್ದು ಬರುವವರೆಗೆ ಬಾಗಿಲಲ್ಲಿ ನಿಂತಳು. ಬಹಳ ಹೊತ್ತು ನಿಲ್ಲಬೇಕಾಯಿತು.

ಎಷ್ಟು ತಿಕ್ಕಿದರೂ ಮಸಿಯ ಕಲೆ ಪೂರ್ತಿ ಹೋಗಲಿಲ್ಲ. ವೀರವ್ವನ ಮನೆಯ ಪಡಸಾಲೆಯಲ್ಲಿ ಯೋನಪ್ಪ ಅವ್ವನ ಸೆರಗಿನ ಹಿಂದೆ ಅಡಗಿದ. ವೀರವ್ವ ಅವನನ್ನು ನೋಡಿ, “ಹೋಗ್ಲಿ ಬಿಡವಾ, ಪಾಪ, ಒಕ್ಕಣ್ಣಿನ ಕೂಸು” ಎಂದಳು.

“ಹಂಗನ್ನಬ್ಯಾಡ್ರಿ ಯವ್ವಾ. ಅವನ ಬಾಯಿ ಚಲೋ ಐತಿ, ಹೇಳ್ಲಿ.”

ಅವನು ಹೇಳಿದ. ಶಾರವ್ವ ಬೇರೆ ಕೌದಿ ಹೊಲಿಯಲು ಕುಳಿತಾಗ, ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ಅವನದಾಯಿತು.

ಶನಿವಾರ ಗಿರಿಯಪ್ಪ ಬಂದ. ಹುಡುಗ ಅಳುಮುಖ ಮಾಡಿ ಎದುರಿಗೆ ಹೋದದ್ದೇ ತಡ, ಅಪ್ಪನ ಕೈ ಚೀಲದ ಬೆಲ್ಲಕ್ಕೆ ಹೋಯಿತು.

“ಏನ್ರಿ, ಇವತ್ತ ಬ್ಯಾಡ್ರಿ” ಎಂದಳು ಶಾರವ್ವ. ಸಂಜೆ ಅಂಗಳದಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು. “ನಾ ಕಟ್ಟೂದು, ನೀವು ಬಿಚ್ಚೂದು ಇಷ್ಟು ದಿನಾ ನಡೀತು. ನಾನರ ನೆಟ್ಟಗ ಕಟ್ಟಿದ್ನೇನು? ಮನಸಿಗೆ ಬಂದಾಗ ಕಟ್ಟಿದೆ. ದೇವರು ನಮ್ಮ ಮ್ಯಾಲೆ ಇವತ್ತೊಂದ ನಮೂನಿ, ನಾಳಿಗೊಂದ ನಮೂನಿ ಇದ್ರ ನಾವು ಆತನ ಹಂತ್ಯಾಕ ಹೋಗ್ತಿದ್ವೇನ್ರಿ?”

ಗಿರಿಯಪ್ಪ ಚೀಲದ ಬೆಲ್ಲವನ್ನು ತೆಗೆದು ಅವಳ ಕೈಗೆ ಕೊಟ್ಟ. “ಊರ ಮಂದಿಗೆ ಉಪದೇಶ ಮಾಡ್ಕೋತ ತಿರುಗಿದೆ ಶಾರವ್ವಾ. ವಾರದಾಗ ಒಂದ ದಿನಾ ಮಕ್ಕಳ ಕಡಿಂದ ಒಳ್ಳ್ಯಾಂವ ಅನಸ್ಕೊಂಡ್ರ ಸಾಕು ಅಂತಿದ್ದೆ. ಕೆಟ್ಟ ಕೆಲಸ ಎಲ್ಲಾ ನಿನ್ನ ತಲಿಗೆ ಕಟ್ಟಿದೆ” ಎಂದ.

ಇಬ್ಬರೂ ಕೂಡಿ ಮನೆಗೆ ಕೆಲವೇ ಕಟ್ಟಳೆ ಇಟ್ಟುಕೊಂಡರು. ಕೇಳದೆ ತೆಗೆದುಕೊಳ್ಳಬಾರದು, ಸುಳ್ಳು ಹೇಳಬಾರದು, ಕೈ ಮಾಡಬಾರದು. ಮುರಿದರೆ ಏನೆಂಬುದನ್ನು, ಕೈ ಮಾಡಿದವರಿಗೆ ಆ ದಿನ ಆಟವಿಲ್ಲ ಎಂಬಂತೆ, ಮಕ್ಕಳಿಗೆ ಮೊದಲೇ ತಿಳಿಸಿದರು. ಅವ್ವ ಸಿಟ್ಟಿನಲ್ಲಿದ್ದಾಗ ಶಿಕ್ಷೆ ಇಲ್ಲ, ಸಿಟ್ಟು ಇಳಿದ ಮೇಲೆ. ಶಿಕ್ಷೆ ಮುಗಿದ ಮೇಲೆ ಕೂಡಿ ಕುಳಿತು ಪ್ರಾರ್ಥನೆ, ಆಮೇಲೆ ಆ ತಪ್ಪಿನ ಮಾತು ಎತ್ತುವ ಹಾಗಿಲ್ಲ. ಶಾರವ್ವನಿಗೆ ತನ್ನ ಬೋರ್ಡಿಂಗಿನ ದಿನಗಳು ನೆನಪಾದವು. ಅಲ್ಲಿದ್ದ ಕಟ್ಟಳೆಯನ್ನು ತಾನು ದ್ವೇಷಿಸಿದ್ದೆನೆಂದು ಇಷ್ಟು ವರ್ಷ ತಿಳಿದಿದ್ದಳು. ಅವಳು ಅಲ್ಲಿ ಕಾಣದೆ ಹಂಬಲಿಸಿದ್ದು ಕಟ್ಟಳೆಯ ನಂತರದ ಆ ಅಪ್ಪುಗೆಯನ್ನು.

ಹೇಳಿದಷ್ಟು ಸುಲಭವಾಗಿ ನಡೆಯಲಿಲ್ಲ. ಸುಗ್ಗಿಯ ಒಂದು ದಿನ ಶಾರವ್ವ ಕೈ ತಡೆಯಲಾರದೆ ದೀನಾಳ ಕೆನ್ನೆಗೆ ಹೊಡೆದೇಬಿಟ್ಟಳು. ಒಲೆಯ ಮುಂದೆ ಕುಳಿತು ಬೆಂದಳು. ಅಷ್ಟು ಮಾತಾಡಿದ ಮೇಲೂ ಹೀಗಾಯಿತಲ್ಲ ಎಂಬ ನಾಚಿಕೆ ಮೊದಲಿಗಿಂತ ಹೆಚ್ಚು ಸುಟ್ಟಿತು. ಕೈ ಮಾಡಬಾರದೆಂಬ ಕಟ್ಟಳೆ ತನಗೂ ಇದೆ ಎಂದು ಎದ್ದು, ಮಕ್ಕಳಿಬ್ಬರ ಮುಂದೆ ತಪ್ಪಾಯಿತೆಂದಳು. ಯೋನಪ್ಪ ಗಂಭೀರವಾಗಿ, “ಅವ್ವನೂ ಇವತ್ತ ಆಟಕ್ಕ ಬರೂಹಂಗಿಲ್ಲ” ಎಂದ. ದೀನಾ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ಮುಖ ನೋಡದೆ ನಕ್ಕಿದ್ದು.

ಕೆಲ ಕಾಲಕ್ಕೆ ಗಿರಿಯಪ್ಪನಿಗೆ ಹಾನಗಲ್ಲಿಗೆ ವರ್ಗವಾಯಿತು. ಚಮನಬಿ ಟಾಂಗಾ ಹೊರಡುವಾಗ ಯೋನಪ್ಪನ ಕುರುಡು ಕಣ್ಣಿಗೆ ಮುತ್ತಿಟ್ಟು ಅತ್ತಳು. ಹಾನಗಲ್ಲಿನಲ್ಲಿ ಮಳೆ ಹೆಚ್ಚು, ಮನೆ ಸಣ್ಣದು. ಅಲ್ಲಿ ಒಂದು ಮಧ್ಯಾಹ್ನ ಶಾರವ್ವ ಜ್ವರದಲ್ಲಿ ನಡುಗುತ್ತ, ಸೋರುವ ಮಾಡಿನ ಕೆಳಗೆ ಪಾತ್ರೆ ಇಡುತ್ತ, ಯಾರ ಮೇಲೆಂದು ತಿಳಿಯದೆ ಗೊಣಗುತ್ತಿದ್ದಳು. ಹತ್ತು ವರ್ಷದ ಯೋನಪ್ಪ ಕೆಸರುಗಾಲಿನಲ್ಲಿ ನೇರ ಒಳಗೆ ಬಂದ.

“ಅವ್ವಾ, ಚೌಡಪ್ಪನ ಮಗಗ ಕಲ್ಲ ಒಗದೆ. ನಂಗ ಕುರುಡಾ ಅಂದ. ಅವನ ಹಣಿ ಒಡದು ರಕ್ತ ಬಂದೈತಿ.”

ಅವನ ಅಂಗಿಯೂ ಹರಿದಿತ್ತು. ಕುರುಡನೆಂಬ ಮಾತು ಶಾರವ್ವನ ಎದೆಗೆ ಚುಚ್ಚಿತು. ಆ ಹುಡುಗನಿಗೆ ಇನ್ನೊಂದು ಕಲ್ಲು ಬೀಳಬೇಕಿತ್ತು ಎನ್ನಿಸಿದ್ದೂ ನಿಜ. ಆದರೂ ಕಂಬಳಿ ಹೊದ್ದು, ಮಗನ ಕೈ ಹಿಡಿದು, ಅರಿಷಿಣದ ಪುಡಿ ಕಟ್ಟಿಕೊಂಡು ಚೌಡಪ್ಪನ ಮನೆಗೆ ನಡೆದಳು. ದಾರಿಯಲ್ಲಿ ಅವನು ಅಳಲಿಲ್ಲ, ಬೇಡವೆನ್ನಲೂ ಇಲ್ಲ. ತಿರುಗಿ ಬರುವಾಗ ಜ್ವರದ ಅವ್ವನಿಗೆ ತಾನೇ ಆಸರೆಯಾಗಿ ನಡೆಸಿಕೊಂಡು ಬಂದ.

ದೀನಾಳ ವಿಷಯ ಮಾತ್ರ ಅಷ್ಟು ಸರಳವಾಗಲಿಲ್ಲ. ಅವಳು ಚೆನ್ನಾಗಿ ಓದಿದಳು, ಭಾನುವಾರ ಸಣ್ಣ ಮಕ್ಕಳಿಗೆ ಹಾಡು ಕಲಿಸಿದಳು. ಆದರೆ ತಮ್ಮ ಕೆಮ್ಮಿದರೆ ಈಗಲೂ ಮೊದಲು ಏಳುವವಳು ಅವಳೇ. ತನಗೆಂದು ಏನನ್ನೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಶಾರವ್ವ ಅದನ್ನು ಕಾಣುತ್ತಿದ್ದಳು, ಕಂಡಾಗಲೆಲ್ಲ ಒಳಗೇ ಕುಗ್ಗುತ್ತಿದ್ದಳು.

ಹದಿನಾರು ತುಂಬಿದ ದೀನಾ ಮಾಸ್ತರಿಕೆಯ ತರಬೇತಿಗೆ ಧಾರವಾಡಕ್ಕೆ ಹೊರಟ ಮುಂಜಾನೆ, ತಾಯಿ ಮಗಳು ಕೂಡಿ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದರು.

“ದೀನಾ, ನಿನ್ನ ಮನಸಿನ್ಯಾಗ ಅದು ಇನ್ನೂ ಐತೇನವಾ?” ಎಂದು ಶಾರವ್ವ ಕೇಳಿದಳು. ಯಾವುದೆಂದು ಹೇಳುವ ಅಗತ್ಯವಿರಲಿಲ್ಲ.

ದೀನಾ ರೊಟ್ಟಿ ತಿರುವಿ ಹಾಕಿ ಹೇಳಿದಳು: “ಐತವ್ವ. ಇಲ್ಲ ಅಂದ್ರ ಸುಳ್ಳಾಕೈತಿ. ಆದ್ರ ಆಮ್ಯಾಲೆ ನೀ ನಮ್ಮ ಸಲುವಾಗಿ ದಿನಾ ನಿನ್ನ ಜೋಡಿ ನೀನ ಜಗಳಾಡಿದ್ದೂ ಐತಿ. ಎರಡೂ ನೆನಪದಾವ.”

ಶಾರವ್ವ ಹೊಗೆಗೆ ಕಣ್ಣು ಉಜ್ಜಿಕೊಂಡಳು. ಹೊರಗೆ ಯೋನಪ್ಪ ಅಕ್ಕನ ಟ್ರಂಕು ಹೆಗಲ ಮೇಲೆ ಏರಿಸಿಕೊಂಡು, ಮೋಟಾರು ಬರುವ ಹೊತ್ತಾಯಿತೆಂದು ಕೂಗಿದ. ದೀನಾ ಬುತ್ತಿಯ ಗಂಟನ್ನು ಕಟ್ಟುತ್ತ, “ಅವ್ವಾ, ಆ ನಿನ್ನ ನೀಲಿ ಶಾಲು ನನಗ ಕೊಡ್ತಿಯೇನು? ಅಲ್ಲಿ ಥಂಡಿ ಭಾಳ ಅಂತ” ಎಂದಳು. ಶಾರವ್ವ ಹಿಟ್ಟಿನ ಕೈ ತೊಳೆಯುವುದನ್ನೂ ಮರೆತು ಒಳಗೆ ಓಡಿದಳು.